ಬದಲಿ ಹಾಜರಿ

ಲಕೋಟೆಯ ಮೇಲಿದ್ದ ಹೆಸರು ಈರೇಶನದು, ವಯಸ್ಸು ಈರೇಶನದು, ಫೋನ್ ನಂಬರೂ ಈರೇಶನದೇ. ಒಳಗಿನ ಕಾಗದ ಯಾವ ರಕ್ತದ ಬಗ್ಗೆ ಹೇಳುತ್ತಿತ್ತೋ ಆ ರಕ್ತ ಮಾತ್ರ ಅಂಬಣ್ಣನದು. ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ಶಿವಾಜಿನಗರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಈರೇಶ ಅದನ್ನು ಅಂಗಿಯ ಜೇಬಿಗಿಟ್ಟ. ತೆಳುಬಟ್ಟೆಯ ಮೂಲಕ ಅಕ್ಷರಗಳು ಹೊರಗೆ ಕಾಣುತ್ತಿವೆಯೇನೋ ಎನ್ನಿಸಿ ಪ್ಯಾಂಟಿನ ಜೇಬಿಗೆ ಬದಲಿಸಿದ. ಅಲ್ಲಿ ಮುದುಡುತ್ತದೆಂದು ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡ. ಮುದುಡಿದರೆ ಏನಾಗುತ್ತದೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಲ್ಯಾಬಿನಲ್ಲಿ ಪ್ರೇಮ್‌ಕುಮಾರ್ ಎಂಬ ಕನ್ನಡಕದ ಮನುಷ್ಯ ಅವನನ್ನು ಪರದೆಯ ಹಿಂದಕ್ಕೆ ಕರೆದು, ಕುರ್ಚಿ ತೋರಿಸಿ, ನೀರು ಕೊಟ್ಟು, ಆಮೇಲೆ ಹೇಳಿದ್ದ: "ಎಚ್‌ಐವಿ ರಿಯಾಕ್ಟಿವ್ ಅಂತ ಬಂದಿದೆ. ಟೆನ್ಶನ್ ತಗೋಬೇಡಿ ಸರ್, ಇದು ಫೈನಲ್ ಅಲ್ಲ. ಶಿವಾಜಿನಗರದಲ್ಲಿ ಗೌರ್ಮೆಂಟ್ ಆಸ್ಪತ್ರೆ ಇದೆಯಲ್ಲ, ಅಲ್ಲಿ ಕೌನ್ಸೆಲಿಂಗ್‌ನವರು ಕನ್ಫರ್ಮ್ ಮಾಡ್ತಾರೆ. ಇವತ್ತೇ ಹೋಗಿ." ಬೆಂಗಳೂರಿಗೆ ಬಂದು ಮೂರು ವರ್ಷಗಳಲ್ಲಿ ಯಾರೂ ಅವನನ್ನು ಸರ್ ಎಂದಿರಲಿಲ್ಲ. ಆ ಮನುಷ್ಯ ತನ್ನ ಮುಖವನ್ನು ನೇರವಾಗಿ ನೋಡಿಯೂ, ನಾಲ್ಕು ದಿನಗಳ ಹಿಂದೆ ಇದೇ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದವನು ತಾನಲ್ಲವೆಂಬುದನ್ನು ಗುರುತಿಸಲಿಲ್ಲ ಎಂಬುದು ಈರೇಶನಿಗೆ ಆ ಗಳಿಗೆಯಲ್ಲಿ ನೆಮ್ಮದಿಯನ್ನೂ ಅದರ ಹಿಂದೆಯೇ ಒಂದು ಸಣ್ಣ ಅವಮಾನವನ್ನೂ ತಂದಿತು. ಅಂಬಣ್ಣ ತನಗಿಂತ ಒಂದು ಗೇಣು ಎತ್ತರ. ಮೂಗು ಬೇರೆ, ಮೀಸೆ ಬೇರೆ. ಕೂಲಿಯವರ ಮುಖಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇದೆಲ್ಲ ಕಾವೇರಿಯಿಂದ ಆದದ್ದು ಎಂದು ಅವನು ಹಲವು ಸಲ ಅಂದುಕೊಂಡಿದ್ದ. ಅಂದುಕೊಂಡ ಪ್ರತಿ ಸಲವೂ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಸುರಪುರದ ಕಡೆಯ ಹುಡುಗಿ, ಅವನ ಊರಿನಿಂದ ಎರಡು ಹರದಾರಿ. ಮದುವೆಯ ವೀಳ್ಯ ಮುಗಿದು ತಿಂಗಳಾಗಿತ್ತು. ಒಂದು ಸಂಜೆ ಫೋನಿನಲ್ಲಿ ಅತ್ತಿತ್ತಲ ಮಾತಾಡುತ್ತಿದ್ದವಳು ನಡುವೆಯೇ, "ನೀವು ಒಂದ್ಸಲ ರಕ್ತ ತೋರಿಸ್ಕೋರಿ. ನಾನೂ ತೋರಿಸ್ಕೊಂಡೀನಿ. ನಂದು ಕಳಸ್ತೀನಿ, ನಿಮ್ದು ಕಳಸ್ರಿ," ಎಂದಿದ್ದಳು. ಅವನಿಗೆ ಕೆನ್ನೆಗೆ ಹೊಡೆದಂತಾಗಿತ್ತು. "ನನ್ನ ನೋಡಿದ್ರ ಹಂಗ ಕಾಣಸ್ತದೇನು ನಿನಗ?" ಎಂದು ಕೇಳಿದ್ದ. ಅವಳು ಸಿಟ್ಟಾಗಲಿಲ್ಲ. "ನಮ್ಮಕ್ಕ ಮಾರಿ ನೋಡೇ ಲಗ್ನ ಆಗಿದ್ಲು," ಎಂದಳು. ಅಷ್ಟೇ. ಅವಳ ಅಕ್ಕನ ಗಂಡ ಭೀಮು ಲಾರಿ ಓಡಿಸುತ್ತಿದ್ದವನು. ಸತ್ತು ಐದು ವರ್ಷ. ಅಕ್ಕ ಈಗಲೂ ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಗುಳಿಗೆ ತರುತ್ತಾಳೆ. ಮರುದಿನ ಬೆಳಿಗ್ಗೆ ಅವನ ಫೋನಿಗೆ ಕಾವೇರಿಯ ಕಾಗದದ ಫೋಟೋ ಬಂದಿತ್ತು. ಅವಳ ಹೆಸರು, ಅವಳ ವಯಸ್ಸು, ಕೊನೆಯಲ್ಲಿ ಒಂದು ಸಾಲು. ಹುಡುಗಿಯೊಬ್ಬಳು ಇಂಥದ್ದನ್ನು ಕಳಿಸಬಹುದೆ? ನಾಚಿಕೆ ತನಗಾಗಬೇಕೋ ಅವಳಿಗಾಗಬೇಕೋ ತಿಳಿಯದೆ ಅವನು ಫೋಟೋವನ್ನು ಅಳಿಸಿದ. ಅಳಿಸಿದ ಮೇಲೆ, ಇನ್ನೊಮ್ಮೆ ಕಳಿಸು ಎಂದು ಕೇಳಲಾರದೆ ಒದ್ದಾಡಿದ.

ಬಸ್ಸು ರೈಲ್ವೆ ಸೇತುವೆಯ ಕೆಳಗೆ ನುಸುಳಿ ನಿಂತಿತು. ಗೋಡೆಯ ಮೇಲೆ ಯಾವುದೋ ಜಾಹೀರಾತು ಅರ್ಧ ಹರಿದು ಜೋತಾಡುತ್ತಿತ್ತು. ಊರಿನಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿದ್ದ ಚಿತ್ರ ಅವನಿಗೆ ನೆನಪಾಯಿತು: ಒಂದು ತಲೆಬುರುಡೆ, ಅದರ ಕೆಳಗೆ ಅಡ್ಡ ಎಲುಬುಗಳು, ಪಕ್ಕದಲ್ಲಿ ಎಲುಬಿನ ಹಂದರದಂಥ ಗಂಡಸು. ಆ ಗೋಡೆಯ ಕೆಳಗಿನ ಕಟ್ಟೆಯ ಮೇಲೆ ಕುಳಿತೇ ಅವನೂ ಅಂಬಣ್ಣನೂ ದೊಡ್ಡವರಾದದ್ದು. ರೋಗವೆಂದರೆ ಆ ಚಿತ್ರದ ಗಂಡಸು. ಹಾಗೆ ಕಾಣುವವರು ಊರಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ರೋಗವೂ ಊರಿನಲ್ಲಿರಲಿಲ್ಲ. ಅದು ಪುಣೆಯಲ್ಲಿತ್ತು, ಮುಂಬಯಿಯಲ್ಲಿತ್ತು, ಹೆದ್ದಾರಿಯ ಢಾಬಾಗಳ ಹಿಂದೆ ಇತ್ತು. ಬೆಂಗಳೂರಿನಲ್ಲೂ ಇದೆಯೆಂದು ದುಡಿಯಲು ಹೋಗಿಬಂದವರು ಹೇಳುತ್ತಿದ್ದರು. ಕಾಲೇಜಿನ ಹುಡುಗರು ಒಮ್ಮೆ ಬಂದು ಬೀದಿನಾಟಕ ಆಡಿ ನಿರೋಧ್ ಹಂಚಿಹೋದಾಗ ಇವರು ಅವನ್ನು ಊದಿ, ದಾರ ಕಟ್ಟಿ, ಹನುಮಪ್ಪನ ಗುಡಿಯ ಬೇವಿನ ಮರಕ್ಕೆ ತೂಗುಹಾಕಿದ್ದರು. ಪೂಜಾರಿ ಗೊತ್ತಿಲ್ಲದೆ ಎರಡು ದಿನ ಅವುಗಳ ಕೆಳಗೇ ಓಡಾಡಿದ್ದ. ಸಂಜೆಗಳಲ್ಲಿ ಕಟ್ಟೆಯ ಮೇಲೆ ತೀರ್ಪು ನಡೆಯುತ್ತಿತ್ತು. ಕೆರೆಯ ದಾರಿಯಲ್ಲಿ ಯಾರು ಹೋದರೂ ಒಬ್ಬ, ಇವನಿಗೆ ಬರಬಹುದು, ಅನ್ನುತ್ತಿದ್ದ. ಇನ್ನೊಬ್ಬ, ಏ ಇಲ್ಲಲೇ, ಮೈ ನೋಡು ಹ್ಯಾಂಗದ, ಅನ್ನುತ್ತಿದ್ದ. ಕೆನ್ನೆ ತುಂಬಿದವರು ಪಾಸು. ವಾರದ ಉಪವಾಸ ಹಿಡಿದವರು ಪಾಸು. ನಮ್ಮ ಮಂದಿ, ಗುರುತಿನವರು, ಮನೆತನದವರು ಎಲ್ಲರೂ ಪಾಸು. ಭೀಮು ಸೊರಗಿ ಸತ್ತಾಗ ಅವನ ತಾಟು, ಲೋಟ, ಹಾಸಿಗೆಗಳನ್ನು ಸುಟ್ಟರೆಂಬ ಸುದ್ದಿ ಎರಡು ಹರದಾರಿ ದಾಟಿ ಕಟ್ಟೆಗೆ ಬಂತು. ಅವನು ಹೆದ್ದಾರಿಯವನು ಎಂದರು, ಅಲ್ಲಿಗೆ ಮುಗಿಯಿತು. ಅವನ ಹೆಂಡತಿಯ ವಿಷಯ ಯಾರೂ ಎತ್ತಲಿಲ್ಲ. ಅವಳ ಮೈ ಗಟ್ಟಿಯಾಗಿಯೇ ಇತ್ತು.

ಬೆಂಗಳೂರಿಗೆ ಬಂದ ಮೇಲೆ ಶಿವಾಜಿನಗರದ ಬಸ್ ನಿಲ್ದಾಣದ ಆಚೆ ಮಧ್ಯಾಹ್ನಗಳಲ್ಲಿ ನಿಲ್ಲುವ ಹೆಂಗಸರನ್ನು ಕಂಡರೆ ಅವನು ರಸ್ತೆ ದಾಟಿ ಎದುರುಬದಿಯಲ್ಲಿ ನಡೆಯುತ್ತಿದ್ದ. ಅವರ ಸೆರಗು ತಾಗಿದರೆ ಏನೋ ಆದೀತೆಂದು ನಿಜವಾಗಿ ಹೆದರುತ್ತಿದ್ದ. ಆ ಹೆದರಿಕೆಯೇ ತನ್ನ ಶೀಲವೆಂದು ತಿಳಿದಿದ್ದ. ಬಾಲಮ್ಮನ ವಿಷಯದಲ್ಲಿ ಹೆದರಿಕೆ ಬರಲೇ ಇಲ್ಲ. ಜೋಗುಪಾಳ್ಯದ ಹಿಂದಿನ ಕಟ್ಟಡದಲ್ಲಿ ಅವನು ಟೈಲ್ಸ್ ಕೂರಿಸುತ್ತಿದ್ದಾಗ ಅವಳು ಮರಳು ಹೊರುತ್ತಿದ್ದಳು. ಲಿಂಗಸುಗೂರಿನ ಕಡೆಯವಳು, ಗಂಡ ಬಿಟ್ಟುಹೋದವಳು. ಅವಳ ಬಾಯಿಂದ ತನ್ನ ಊರಿನ ಮಾತು ಕೇಳಿದ ದಿನ ಅವನಿಗೆ ಬಿಸಿ ರೊಟ್ಟಿಯ ವಾಸನೆ ಬಂದಂತಾಗಿತ್ತು. ದುಂಡಗಿನ ತೋಳು, ಹಣೆಯಲ್ಲಿ ಅಗಲವಾದ ಭಂಡಾರ. ನಮ್ಮ ಕಡೆಯಾಕೆ. ಮೂರು ಸಲ, ಸಿಮೆಂಟಿನ ಚೀಲಗಳ ಹಿಂದೆ, ಊಟದ ಹೊತ್ತಿನಲ್ಲಿ. ಮೂರನೆಯ ಸಲ, ಎಲ್ಲ ಮುಗಿದ ಮೇಲೆ, ಏನೋ ಹೊಳೆದಂತಾಗಿ ಅವನು, "ನಿನಗೇನೂ ಇಲ್ಲಲ್ಲ?" ಎಂದು ಕೇಳಿದ್ದ. ಅವಳು ಸೆರಗಿನ ಮರಳು ಕೊಡವುತ್ತ ನಕ್ಕಿದ್ದಳು. "ಭಾಳ ಲಗೂನ ಕೇಳಿದಿ ನೋಡು! ಅಲ್ಲೋ, ನಿನಗಿಲ್ಲಂತ ನನಗ್ಯಾರು ಹೇಳ್ಯಾರ?" ಆ ನಗು ಅವನನ್ನು ಬಹಳ ದಿನ ಕಾಡಿತು. ತಾನೂ ಯಾರಿಗಾದರೂ ರೋಗ ಕೊಡಬಲ್ಲವನು ಎಂಬ ಯೋಚನೆ ಅವನಿಗೆ ಅಲ್ಲಿಯವರೆಗೆ ಬಂದಿರಲೇ ಇಲ್ಲ. ಕಟ್ಟೆಯ ಮೇಲೆ ಕೂತವರನ್ನು ಯಾರು ನೋಡಿದ್ದರು?

ಕಾವೇರಿಯ ಮಾತಿಗೆ ಅವನ ಮೈ ಬೆವರಿದ್ದು ಅದಕ್ಕೇ. ತನ್ನ ರಕ್ತವನ್ನು ಅವನು ನಂಬಲಾರದಾಗಿದ್ದ. ಅದರಲ್ಲಿ ಏನಿದೆಯೆಂದು ತಿಳಿಯುವುದಕ್ಕಿಂತ ತಿಳಿಯದೆ ಇರುವುದು ಹೇಗೋ ಕಡಿಮೆ ರೋಗವೆಂದು ತೋರುತ್ತಿತ್ತು. ಹಾಗಿರುವಾಗ ನಂಬಬಹುದಾದ ರಕ್ತವೊಂದು ಕೆ.ಆರ್. ಪುರದ ಅವರಿಬ್ಬರ ಬಾಡಿಗೆ ಕೋಣೆಯಲ್ಲಿ, ಗೋಡೆಯ ಆ ಬದಿಯ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿತ್ತು. ಅಂಬಣ್ಣ ಕುಡಿಯುವುದಿಲ್ಲ. ಸೋಮವಾರ ಒಪ್ಪತ್ತು. ಕೊರಳಲ್ಲಿ ರುದ್ರಾಕ್ಷಿ. ಹೆಂಗಸರ ಮಾತು ಬಂದರೆ ಎದ್ದು ಹೋಗಿ ಬಟ್ಟೆ ಒಗೆಯುತ್ತಾನೆ. ಕಟ್ಟೆಯ ತೀರ್ಪಿನಲ್ಲಿ ಅಂಬಣ್ಣನಷ್ಟು ಒಮ್ಮತದಿಂದ ಪಾಸಾದವನು ಇನ್ನೊಬ್ಬನಿಲ್ಲ. ಮತ್ತು ಬದಲಿಗೆ ನಿಲ್ಲುವುದು ಅವರಿಬ್ಬರಿಗೆ ಹೊಸದೇನೂ ಆಗಿರಲಿಲ್ಲ. ಉದ್ಯೋಗ ಖಾತ್ರಿಯ ಕೆರೆ ಕೆಲಸದಲ್ಲಿ ಈರೇಶ ಮಲಗಿದ್ದರೆ ಅಂಬಣ್ಣ ಅವನ ಹೆಸರಿಗೂ ಹೂಂ ಅನ್ನುತ್ತಿದ್ದ; ಅಂಬಣ್ಣನ ಅವ್ವನ ಹೆಬ್ಬೆಟ್ಟನ್ನು ಈರೇಶನ ಅವ್ವ ಒತ್ತುತ್ತಿದ್ದಳು; ಹತ್ತನೆಯ ತರಗತಿಯ ಚಿತ್ರಕಲೆಯ ಪರೀಕ್ಷೆಯನ್ನು ಇವನಿಗಾಗಿ ಅವನೇ ಬರೆದಿದ್ದ. ಊರಿನಲ್ಲಿ ಹೆಸರಿಗೆ ಒಬ್ಬ ಮನುಷ್ಯ ಬೇಕು. ಯಾವ ಮನುಷ್ಯ ಎಂಬುದನ್ನು ಯಾರೂ ಬಹಳ ಕೆದಕುವುದಿಲ್ಲ. ಕಾವೇರಿಯ ಮಾತನ್ನು ಹೇಳಿ, ತನ್ನ ಹೆಸರಿನಲ್ಲಿ ರಕ್ತ ಕೊಟ್ಟು ಬರುವಂತೆ ಈರೇಶ ಕೇಳಿದಾಗ ಅಂಬಣ್ಣ ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದ್ದ. ಆಮೇಲೆ, "ನನ್ನ ರಕ್ತಕ್ಕೂ ಗಿರಾಕಿ ಬಂದ್ರು ಬಿಡು," ಎಂದು ನಕ್ಕು, ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಮದುವೆಗೆ ಹೊರಟವನಂತೆ ಕಮ್ಮನಹಳ್ಳಿಗೆ ಹೋಗಿಬಂದಿದ್ದ. ಆ ಸ್ವಲ್ಪ ಹೊತ್ತು ಎಷ್ಟು ಹೊತ್ತು? ಅವನು ಗೋಡೆಯಲ್ಲಿ ಏನನ್ನು ನೋಡುತ್ತಿದ್ದ? ಈಗ ಬಸ್ಸಿನಲ್ಲಿ ಕುಳಿತು ಈರೇಶ ಆ ಗೋಡೆಯನ್ನು ಎಷ್ಟು ನೆನೆದರೂ ಒದ್ದೆಯ ಕಲೆಯೊಂದು, ಒಂದು ಮೊಳೆ, ಮೊಳೆಗೆ ತೂಗಿದ್ದ ಅಂಬಣ್ಣನ ಸೆಕ್ಯುರಿಟಿ ಟೋಪಿ, ಇವಿಷ್ಟೇ ಕಂಡವು.

ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಅವನು ದನಿ ತಗ್ಗಿಸಿ ಕೇಳಿದ್ದನ್ನು ಒಳಗಿನವನು ಇಡೀ ಸಾಲಿಗೆ ಕೇಳುವಂತೆ ತಿರುಗಿ ಹೇಳಿದ: "ಎಚ್‌ಐವಿ ಟೆಸ್ಟಾ? ಹನ್ನೊಂದನೇ ರೂಮು! ನೇರ ಹೋಗಿ ಲೆಫ್ಟು!" ಸಾಲಿನಲ್ಲಿದ್ದ ಬುರ್ಖಾದ ಮುದುಕಿಯೊಬ್ಬಳು ತನ್ನ ಮೊಮ್ಮಗಳನ್ನು ಎಳೆದುಕೊಂಡು ಅರ್ಧ ಹೆಜ್ಜೆ ಸರಿದಳು. ಆ ಅರ್ಧ ಹೆಜ್ಜೆಯನ್ನು ಅವನು ಚೆನ್ನಾಗಿ ಬಲ್ಲ. ಅದನ್ನು ಅವನೇ ನೂರು ಸಲ ಇಟ್ಟಿದ್ದ. ಹನ್ನೊಂದನೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತವರನ್ನು ಅವನು ಅಭ್ಯಾಸಬಲದಿಂದ ವಿಂಗಡಿಸಲು ನೋಡಿದ. ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲಿಟ್ಟುಕೊಂಡ ಹುಡುಗಿ. ತುಂಬುಗರ್ಭಿಣಿ, ಜೊತೆಗೆ ಗಂಡ, ಇಬ್ಬರೂ ಕಡಲೆಕಾಯಿ ತಿನ್ನುತ್ತಿದ್ದರು. ನಮಾಜಿನ ಕಲೆ ಹಣೆಯಲ್ಲಿದ್ದ ಗಡ್ಡದವನು, ದಪ್ಪಗೆ, ಯಾವುದೋ ಅಂಗಡಿಯ ಯಜಮಾನನಂತಿದ್ದ. ಇವರಲ್ಲಿ ಯಾರು? ಒಮ್ಮೆ ಎಲ್ಲರಿಗೂ ಇದೆಯೆಂದು ತೋರಿತು, ಇನ್ನೊಮ್ಮೆ ಯಾರಿಗೂ ಇಲ್ಲವೆಂದು. ಟೈಲ್ಸ್ ಕೂರಿಸಿ ಮುಗಿದ ಮೇಲೆ ಕರಣೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ ಕೇಳುವುದು ಅವನ ಕೆಲಸ. ಕೆಳಗೆ ಸಿಮೆಂಟು ತುಂಬದೆ ಪೊಳ್ಳು ಉಳಿದಿದ್ದರೆ ದನಿ ಬೇರೆ ಬರುತ್ತದೆ. ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹೊಳಪು ಅದೇ, ಅಂಚು ಅದೇ. ದಿನಕ್ಕೆ ಮುನ್ನೂರು ಸಲ ತಟ್ಟುವ ತನ್ನ ಕೈಗೆ ಗೊತ್ತಿದ್ದುದು ತನಗೆ ಹೇಗೆ ಗೊತ್ತಾಗಲಿಲ್ಲ?

ಒಳಗೆ ಕೌನ್ಸೆಲರ್ ಫಾಯಿಜಾ ಮೇಡಂ ಮೇಜಿನ ಮೇಲೆ ಅರ್ಧ ಕುಡಿದ ಚಹಾವನ್ನು ಪಕ್ಕಕ್ಕೆ ಸರಿಸಿ ಲಕೋಟೆ ತೆರೆದರು. ಐವತ್ತರ ಹೆಂಗಸು, ಕನ್ನಡಕವನ್ನು ದುಪಟ್ಟಾದ ಮೇಲೆ ಏರಿಸಿದ್ದರು. "ಈರೇಶ್. ಇಪ್ಪತ್ತನಾಲ್ಕು. ಕೂತ್ಕೊಳ್ಳಪ್ಪ, ತುದೀಲಿ ಕೂತ್ರೆ ಬಿದ್ಹೋಗ್ತೀಯಾ. ಊಟ ಆಯ್ತಾ?" ಅವನು ಇಲ್ಲವೆಂದ. ಅವರು ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ನೂಕಿದರು. ಆಮೇಲೆ ಅವರು ಮಾತಾಡತೊಡಗಿದರು. ಮತ್ತು ಅವನು, ಅಂಬಣ್ಣನ ಜಾಗದಲ್ಲಿ ಕುಳಿತು, ಅಂಬಣ್ಣನಿಗೆ ಸೇರಬೇಕಾದ ಮಾತುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳತೊಡಗಿದ. ಇದು ಸಾವಲ್ಲ. ದಿನಕ್ಕೊಂದು ಮಾತ್ರೆ, ಸರ್ಕಾರವೇ ಕೊಡುತ್ತದೆ. ತಪ್ಪದೆ ತಗೊಂಡರೆ ಮುದುಕನಾಗುವ ತನಕ ಬದುಕಬಹುದು, ಮದುವೆಯೂ ಆಗಬಹುದು, ಮಕ್ಕಳೂ ಆಗಬಹುದು. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ. ಬ್ಲೇಡು ಮಾತ್ರ ಬೇರೆ ಇಟ್ಟುಕೊಳ್ಳಬೇಕು. "ನೋಡಿದ್ರೆ ಗೊತ್ತಾಗಲ್ವಾ ಮೇಡಂ?" ಎಂದು ಅವನು ಕೇಳಿದ; ದನಿ ತನ್ನದೆಂದು ಅನ್ನಿಸಲಿಲ್ಲ. ಫಾಯಿಜಾ ನಕ್ಕರು. "ಯಾ ಅಲ್ಲಾ! ಇಪ್ಪತ್ತು ವರ್ಷದಿಂದ ಇದೇ ಕುರ್ಚೀಲಿ ಕೂತಿದೀನಿ, ನಂಗೇ ಗೊತ್ತಾಗಲ್ಲ. ನಿಮ್ಮೂರ್ ಹುಡುಗ್ರು ಬರ್ತಾರಲ್ಲ, ಎಲ್ಲರದೂ ಇದೇ ಕಥೆ. ಮೇಡಂ, ಹುಡ್ಗಿ ದಪ್ಪಗಿದ್ಲು. ಮೇಡಂ, ನಮ್ಮ ಸಂಬಂಧದೋಳೇ. ಅರೇ ಬಾಬಾ, ಆ ರೋಗಕ್ಕೆ ನಿನ್ನ ಜಾತಿ ಗೊತ್ತಾ, ಊರು ಗೊತ್ತಾ?"

ಅವನು ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡ. ಅದು ನಾಲಿಗೆಯ ಮೇಲೆ ಹಿಟ್ಟಾಗಿ ಕುಳಿತಿತು. ಅವರು ಈಗ ದನಿ ಇಳಿಸಿದ್ದರು. "ಈಗ ಇಲ್ಲಿ ನಿನ್ನ ಬ್ಲಡ್ ತಗೊಂಡು ಬೇರೆ ಬೇರೆ ಕಿಟ್‌ನಲ್ಲಿ ಮೂರು ಸಲ ನೋಡ್ತೀವಿ. ಕೆಲವು ಸಲ ಹೊರಗಡೆ ಲ್ಯಾಬಲ್ಲಿ ಹಾಗೆ ಬಂದಿರುತ್ತೆ, ನಮ್ಮಲ್ಲಿ ನೆಗೆಟಿವ್ ಬರುತ್ತೆ. ಹಾಗೆ ಬಂದ್ರೆ ಆ ಕಾಗದ ಮರ್ತುಬಿಡು. ನಮ್ದೇ ಫೈನಲ್. ಒಪ್ಪಿಗೆನಾ?" ಒಪ್ಪಿಗೆ ಎಂದು ಅವನ ತಲೆ ಆಡಿತು. ಪಕ್ಕದ ಕೋಣೆಯಲ್ಲಿ ಟೆಕ್ನೀಷಿಯನ್ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿ ಎಂದು, ಸೂಜಿಯ ಪೊಟ್ಟಣ ಹರಿಯುತ್ತಿದ್ದಾಗ, ಆ ಮಾತು ನಿಧಾನವಾಗಿ ಅವನೊಳಗೆ ಬಿಚ್ಚಿಕೊಂಡಿತು. ನೆಗೆಟಿವ್ ಬಂದರೆ ಆ ಕಾಗದ ಮರೆತುಬಿಡು. ತನ್ನ ರಕ್ತ ಚೆನ್ನಾಗಿದ್ದರೆ, ಹೌದು, ಇರಬಹುದು, ಬಾಲಮ್ಮನ ಕೆನ್ನೆ, ಛೆ, ಕೆನ್ನೆಯಲ್ಲ, ಆದರೂ ಇರಬಹುದು, ಆಗ ಸರ್ಕಾರದ ಮೊಹರಿನ ಶುದ್ಧ ಕಾಗದವೊಂದು ಕೈಗೆ ಬರುತ್ತದೆ. ಅದನ್ನು ಕಾವೇರಿಗೆ ಕಳಿಸಬಹುದು. ಲ್ಯಾಬಿನವರು ತಪ್ಪು ಮಾಡಿದ್ದರು, ಅಷ್ಟೇ. ಯಾರೂ ಏನೂ ಕೇಳುವುದಿಲ್ಲ. ಅಂಬಣ್ಣನಿಗೂ ಹೇಳಬಹುದು: ಕಾಗದ ಛಲೋ ಬಂತು ಅಂಬಣ್ಣ, ನಿನ್ನ ಪುಣ್ಯ. ಅದು ಸುಳ್ಳೂ ಆಗುವುದಿಲ್ಲ. ಅಂಬಣ್ಣ ನಗುತ್ತಾನೆ, ಸೋಮವಾರ ಒಪ್ಪತ್ತು ಮಾಡುತ್ತಾನೆ, ಗೇಟಿನಲ್ಲಿ ನಿಲ್ಲುತ್ತಾನೆ, ನಿಂತೇ ಇರುತ್ತಾನೆ, ಒಂದು ವರ್ಷ, ಎರಡು ವರ್ಷ, ಕೊನೆಗೆ ಪಂಚಾಯಿತಿಯ ಗೋಡೆಯ ಮೇಲಿನ ಗಂಡಸಿನಂತಾಗುತ್ತಾನೆ. ಆಗಲೂ ತಾನು ಅವನ ಪಕ್ಕದಲ್ಲಿ ಕುಳಿತು, ಏನಾಯ್ತೋ ಹೀಗೆ, ಎಂದು ಕೇಳಬಹುದು. ಅಂಬಣ್ಣನ ಬದುಕು ಇಡಿಯಾಗಿ ಈ ತೋಳಿನ ಮಡಿಕೆಯಲ್ಲಿ, ಉಬ್ಬಿ ನಿಂತಿದ್ದ ಈ ನೀಲಿ ನರದ ಕೆಳಗೆ ಇದ್ದಂತೆ ಅವನಿಗೆ ತೋರಿತು. ಮದ್ಯಸಾರದ ತಣ್ಣನೆಯ ಹತ್ತಿ ತಾಗಿದ ಕೂಡಲೇ ಅವನು ಕೈ ಕಿತ್ತುಕೊಂಡ. "ಆ ಕಾಗದದಾಗಿನ ರಕ್ತ ನಂದಲ್ರಿ."

"ಮೇಡಂ, ಇಲ್ಲಿ ಬನ್ನಿ ಸ್ವಲ್ಪ," ಎಂದು ಟೆಕ್ನೀಷಿಯನ್ ಕೂಗಿದ. ಫಾಯಿಜಾ ಬಂದು, ಎರಡು ಸಲ ಕೇಳಿ, ಮೂರನೆಯ ಸಲ ಅರ್ಥವಾದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ಸಿಟ್ಟಿಗಿಂತ ದಣಿವು ಹೆಚ್ಚಾಗಿ ಕಂಡಿತು. "ಮದುವೆ ಹುಡ್ಗಿ ಕೇಳಿದ್ಲು, ನೀನು ಇನ್ನೊಬ್ಬನ್ನ ಕಳಿಸ್ದೆ. ಅವಳ ಕಣ್ಣಿಗೆ ಮಣ್ಣು. ಅವನಿಗೆ ಏನಿದೆ ಅಂತ ಅವನಿಗೇ ಗೊತ್ತಿಲ್ಲ. ಶಾಬಾಶ್. ಯಾಕಪ್ಪ ಅವನನ್ನೇ ಕಳಿಸ್ದೆ?" ಅವನು, "ಅಂವ ಭಾಳ ಛಲೋ ಮನಷಾ ರೀ," ಎಂದ. ಹೇಳಿದ ಮೇಲೆ ಆ ಮಾತು ಎಷ್ಟು ಪೆದ್ದಾಗಿ ಕೇಳಿಸಿತೆಂದರೆ ಅವನ ಕಣ್ಣು ತುಂಬಿತು. "ಈಗಲೂ ಒಳ್ಳೆಯವನೇ," ಎಂದರು ಫಾಯಿಜಾ. "ಅವನಿಗ್ ಹ್ಯಾಂಗ ಬಂತ್ರಿ?" "ಅದು ನಿನ್ನ ಪ್ರಶ್ನೆ ಅಲ್ಲ. ನಂದೂ ಅಲ್ಲ. ಕೇಳಿಸ್ಕೋ, ಅವನನ್ನ ಕರ್ಕೊಂಡ್ ಬಾ. ಇವತ್ತೇ. ನಾಲ್ಕು ಗಂಟೆವರೆಗೂ ಇರ್ತೀನಿ. ನೀನು ಏನೂ ಹೇಳ್ಬೇಡ, ಹೇಳೋದು ನನ್ನ ಕೆಲಸ. ದಾರೀಲಿ ಬಾಯಿ ಬಿಟ್ರೆ ಅವನು ಇಲ್ಲಿಗೆ ಬರೋದೇ ಇಲ್ಲ, ಎಲ್ಲಿಗೋ ಹೋಗ್ಬಿಡ್ತಾನೆ. ಬಹಳ ಜನ ನೋಡಿದೀನಿ." ಆಮೇಲೆ ಅವನ ತೋಳಿನಲ್ಲಿ ಇನ್ನೂ ಬಿಗಿದೇ ಇದ್ದ ರಬ್ಬರ್ ಪಟ್ಟಿಯನ್ನು ನೋಡಿ, "ಮತ್ತೆ ನಿಂದು?" ಎಂದರು. ಅವನು ತೋಳು ಚಾಚಿದ. ರಕ್ತ ಕೊಳವೆಗೆ ಇಳಿಯುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಬಣ್ಣದಲ್ಲಿ ಏನೂ ತಿಳಿಯಲಿಲ್ಲ. ಅರ್ಧ ಗಂಟೆ ಕೂತರೆ ರಿಸಲ್ಟ್ ಕೊಡ್ತೀವಿ ಎಂದಾಗ ಅವನು ಬೇಡವೆಂದ. ಅಂಬಣ್ಣನ ಜೊತೆಗೇ ಕೇಳುತ್ತೇನೆ ಎಂದ. ಅದು ಸ್ನೇಹವೋ ಹೇಡಿತನವೋ ಅವನಿಗೆ ಬಗೆಹರಿಯಲಿಲ್ಲ.

ಅಂಬಣ್ಣ ಕಾವಲಿದ್ದ ಗೋಡೌನಿಗೆ ಹೋಗಲು ಹತ್ತಿದ ಟಿನ್ ಫ್ಯಾಕ್ಟರಿಯ ಬಸ್ಸು ಹಲಸೂರಿನಲ್ಲಿ ಬಹಳ ಹೊತ್ತು ನಿಂತಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತಮಿಳಿನಲ್ಲಿ ಹೂವಿನ ಬೆಲೆಗೆ ಜಗಳವಾಡುತ್ತಿದ್ದರು. ಈರೇಶನ ಕೈ ಗಲ್ಲಕ್ಕೆ ಹೋಯಿತು. ಹೋದ ವಾರ ತನ್ನ ಬ್ಲೇಡು ಮುಗಿದಾಗ ಅಂಬಣ್ಣನದನ್ನು ತೆಗೆದುಕೊಂಡಿದ್ದನೆ? ತೆಗೆದುಕೊಂಡಿದ್ದ. ಗಾಯವಾಗಿತ್ತೆ? ನೆನಪಿಲ್ಲ. ಅಂಬಣ್ಣನಿಗಾಗಿ ಅಳಲು ಹೊರಟ ಮನಸ್ಸು ಹೀಗೆ ತನ್ನ ಗಲ್ಲವನ್ನು ಸವರಿ ನೋಡುತ್ತಿರುವುದಕ್ಕೆ ಅವನಿಗೆ ಹೇಸಿಗೆಯಾಯಿತು, ಕೈ ಕೆಳಗಿಳಿಯಲಿಲ್ಲ. ಬೆಳಿಗ್ಗೆ ಒಂದೇ ತಂಬಿಗೆಯಿಂದ ನೀರು ಕುಡಿದಿದ್ದರು. ಅದರಿಂದ ಬರುವುದಿಲ್ಲ. ಬರುವುದಿಲ್ಲ ಎಂದು ಫಾಯಿಜಾ ಮೇಡಂ ಹೇಳಿದ್ದಾರೆ. ಹಾಗಾದರೆ ನಾಳೆಯೂ ಅದೇ ತಂಬಿಗೆಯಿಂದ ಕುಡಿಯುವೆನೆ? ಅಂಬಣ್ಣನಿಗೆ ಗೊತ್ತಾಗದ ಹಾಗೆ ತಾನು ಇನ್ನೊಂದು ಲೋಟ ತಂದುಬಿಡುವೆನೆ? ಪುಣೆಯಲ್ಲಿ ಒಂದು ವರ್ಷವಿದ್ದು ಬಂದವನು ಅಂಬಣ್ಣ. ಆ ವರ್ಷದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಭಾನುವಾರ ಮಧ್ಯಾಹ್ನಗಳಲ್ಲಿ ಮೆಟ್ಟಿಲ ಕೆಳಗೆ ನಿಂತು ಯಾರೊಂದಿಗೋ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. ಮಾತಾಡಿ ಬಂದ ಮೇಲೆ ಬಟ್ಟೆ ಒಗೆಯುತ್ತಿದ್ದ. ಆಚೆಯ ದನಿ ಗಂಡಸಿನದೋ ಹೆಂಗಸಿನದೋ. ಹದಿನೆಂಟು ವರ್ಷ ಒಂದೇ ಕಟ್ಟೆ, ಎರಡು ವರ್ಷ ಒಂದೇ ಕೋಣೆ. ಈರೇಶನಿಗೆ ತಿಳಿದಿದ್ದುದು ಅವನ ಉಪವಾಸದ ದಿನ, ಅಂಗಿಯ ಅಳತೆ, ಗೊರಕೆಯ ದನಿ. ತಟ್ಟಿ ನೋಡಿರಲೇ ಇಲ್ಲ.

ಗೋಡೌನಿನ ಗೇಟಿನಲ್ಲಿ ಅಂಬಣ್ಣ ಲಾರಿಯೊಂದನ್ನು ಹಿಂದಕ್ಕೆ ಬಿಡಿಸುತ್ತಿದ್ದ. "ಬರ್ಲಿ, ಬರ್ಲಿ, ಸಾಕು ಗುರೂ, ಗ್ವಾಡಿ ಕೆಡವ್ತಿ ಏನು!" ಇಸ್ತ್ರಿ ಮಾಡಿದ ನೀಲಿ ಸಮವಸ್ತ್ರ, ಟೋಪಿಯ ಕೆಳಗೆ ಬೆವರು. ಈರೇಶನನ್ನು ಕಂಡು ಅವನ ಮುಖ ಅರಳಿತು, ಆಮೇಲೆ ಅರಳಿದ್ದು ಅಲ್ಲಿಯೇ ನಿಂತಿತು. "ಯಾಕಲೇ, ಕೆಲಸ ಬಿಟ್ಟು ಬಂದೀ? ನಿನ್ನ ಕಾಗದ ಬಂತೇನು?"

"ಬಂದದ."

"ಛಲೋ ಅದನ?"

ಲಾರಿಯ ಹೊಗೆ ಇಬ್ಬರ ನಡುವೆ ಬಂದು ನಿಂತು ಹೋಯಿತು. ಈರೇಶ, "ಶಿವಾಜಿನಗರದ ದವಾಖಾನಿಗೆ ಹೋಗೂಣ ನಡಿ," ಎಂದ. "ಇನ್ನೊಮ್ಮೆ ರಕ್ತ ಕೊಡಬೇಕಂತ. ನಾಲ್ಕರೊಳಗ."

"ಮತ್ತ ನಾನೇ ಕೊಡ್ಬೇಕಾ ನಿನ್ನ ಹೆಸರಿಲೆ?" ಅಂಬಣ್ಣ ನಕ್ಕ. "ಬದಲಿ ಇಲ್ಲದ ಗೇಟ್ ಬಿಟ್ಟು ಹ್ಯಾಂಗ ಬರ್ಲಿ ಮಾರಾಯ, ಸೂಪರ್‌ವೈಜರ್ ಕೊಂದೇ ಬಿಡ್ತಾನ. ಒಂದು ಕೆಲಸ ಮಾಡು. ಅವತ್ತು ನಿನ್ನ ಹೆಸರಿಲೆ ನಾ ಕೊಟ್ಟೆ. ಇವತ್ತು ನನ್ನ ಹೆಸರಿಲೆ ನೀ ಕೊಟ್ಟು ಬಾ. ಋಣ ತೀರ್ತು!"

ಅದು ತಮಾಷೆಯ ಮಾತು. ಆದರೆ ಈಗ ಬೇಕಾಗಿರುವುದು ಅಂಬಣ್ಣನ ಹೆಸರಿನ ರಕ್ತವೆಂದು ಈರೇಶ ಅವನಿಗೆ ಇನ್ನೂ ಹೇಳಿರಲಿಲ್ಲ. ಅದು ಹೊಳೆದು ಈರೇಶ ಅವನ ಮುಖವನ್ನು ನೋಡಿದ. ಆ ಮುಖ ಎಂದಿನಂತೆಯೇ ಇತ್ತು, ತುಂಬಿದ ಕೆನ್ನೆ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಗೋಡೆಯ ಕಡೆ ನೋಡಿದ ಆ ಸ್ವಲ್ಪ ಹೊತ್ತು. ಮದುವೆಗೆ ಹೊರಟವನಂತೆ ತೊಟ್ಟ ಬಿಳಿ ಅಂಗಿ. ತನ್ನದೇ ಸಂಶಯವನ್ನು ಅಂಬಣ್ಣ ಈರೇಶನ ಹೆಸರಿನಲ್ಲಿ ಪರೀಕ್ಷಿಸಿಕೊಂಡಿದ್ದನೆ? ಇನ್ನೊಬ್ಬನ ಹೆಸರಿನಲ್ಲಿ ಯಾರು ಯಾರನ್ನು ಪರೀಕ್ಷೆಗೆ ಕಳಿಸಿದ್ದರು?

"ಅದಕ್ಕ ಬದಲಿ ನಡಿಯಂಗಿಲ್ಲ ಅಂಬಣ್ಣ," ಎಂದ ಈರೇಶ. "ನಾ ನಂದು ಕೊಟ್ಟು ಬಂದೀನಿ. ನೀ ನಿಂದು ಕೊಡ್ಬೇಕು. ನಿನ್ನ ಹೆಸರಿಲೆ. ನಾ ಬಾಜೂಕ ಕೂಡ್ತೀನಿ."

ಅಂಬಣ್ಣ ನಗುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದ. ಈ ಸಲ ಈರೇಶನೂ ಅವನು ನೋಡುತ್ತಿದ್ದ ಕಡೆಗೇ ನೋಡಿದ; ಅಲ್ಲಿ ಮೆಟ್ರೋದ ಕಂಬಗಳಿದ್ದವು, ಕಂಬಗಳ ನಡುವೆ ಜನ ಓಡಿ ರಸ್ತೆ ದಾಟುತ್ತಿದ್ದರು. ಆಮೇಲೆ ಅಂಬಣ್ಣ ಒಳಗೆ ಹೋಗಿ, ಮೇಜಿನ ಮೇಲಿನ ಹಾಜರಿ ಪುಸ್ತಕದಲ್ಲಿ ಹೊರಹೋದ ಸಮಯವನ್ನೂ ತನ್ನ ಹೆಸರನ್ನೂ ದಪ್ಪ ಅಕ್ಷರಗಳಲ್ಲಿ ಬರೆದ. ಪಕ್ಕದ ಅಂಕಣದಲ್ಲಿ ಬದಲಿಗೆ ನಿಂತವನ ಹೆಸರು ಬರೆಯಬೇಕಿತ್ತು. ಪೆನ್ನು ಅಲ್ಲಿ ತಡೆಯಿತು. ಅವನು ಅದನ್ನು ಖಾಲಿ ಬಿಟ್ಟು, ಗೇಟಿಗೆ ಬೀಗ ಹಾಕಿ, ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಬಂದ.

ಬಸ್ಸಿನಲ್ಲಿ ಈರೇಶ ಶಿವಾಜಿನಗರಕ್ಕೆ ಎರಡು ಟಿಕೆಟ್ ಕೇಳಿದ. ಇಂದಿರಾನಗರದ ತಿರುವು ಬರುವ ಹೊತ್ತಿಗೆ ಅಂಬಣ್ಣ ಎಡಗೈಯ ತೋಳಿನ ಗುಂಡಿ ಬಿಚ್ಚಿದ. ಆಸ್ಪತ್ರೆ ಇನ್ನೂ ಬಹಳ ದೂರವಿರುವಾಗಲೇ, ಇಸ್ತ್ರಿಯ ಗೆರೆ ಕೆಡದಂತೆ ಒಂದೊಂದೇ ಮಡಿಕೆ ಮಡಚುತ್ತ, ತೋಳನ್ನು ಮೊಣಕೈಯ ಮೇಲಕ್ಕೆ ಏರಿಸತೊಡಗಿದ.